ಶಾರ್ಕಿನ ಕ್ಲಾಸ್ಪರ್ ನಿಜಕ್ಕೂ ಹಿಡಿಯುತ್ತದೆಯೇ?

ನೀರುನೆಲ

ಪದವಿ ತರಗತಿಗೆ ಶಾರ್ಕ್, ತೊರಕೆಯಂಥ (ರೇ ಮೀನು) ಮೃದ್ವಸ್ಥಿ, ಅಂದರೆ ಮೆದು ಎಲುಬಿನ, ಮೀನುಗಳ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ತಿಳಿದವರು ದಾರಿ ತೋರಿಸಬೇಕು.

ಗಂಡು ಶಾರ್ಕನ್ನು ಬೆನ್ನ ಮೇಲೆ ಮಲಗಿಸಿದರೆ, ಸೊಂಟದ ಈಜುರೆಕ್ಕೆಗಳ ಒಳ ಅಂಚಿನಲ್ಲಿ ಬೆರಳಿನಂಥ ಎರಡು ಅಂಗಗಳು ಬಾಲದ ಕಡೆಗೆ ಚಾಚಿಕೊಂಡಿರುತ್ತವೆ. ಇವೇ ಕ್ಲಾಸ್ಪರ್‌ಗಳು. ನಾನು ಓದುವಾಗ ಬರೆದುಕೊಂಡ ಸಾಲು ಈಗಲೂ ಬಾಯಿಪಾಠ ಇದೆ: "ಮಿಲನದ ವೇಳೆ ಹೆಣ್ಣನ್ನು ಹಿಡಿದುಕೊಳ್ಳಲು ಸಹಾಯಕ." ಪರೀಕ್ಷೆಯಲ್ಲಿ ಅದನ್ನೇ ಬರೆದೆ, ಅಂಕವೂ ಬಂತು.

ಮೊನ್ನೆ ಮಾದರಿಯನ್ನು ಮೇಜಿನ ಮೇಲಿಟ್ಟುಕೊಂಡು ಕೂತಾಗ ಆ ಸಾಲಿನ ಮೇಲೆ ಅನುಮಾನ ಶುರುವಾಯಿತು. ಇದು ಮಡಚುವುದಿಲ್ಲ, ಎರಡೂ ಸೇರಿ ಇಕ್ಕಳದ ಹಾಗೆ ಕೂಡಿಕೊಳ್ಳುವುದೂ ಇಲ್ಲ. ಅದರ ಬದಲು ಉದ್ದಕ್ಕೂ ಒಂದು ತೋಡು ಇದೆ, ಚಾಪೆಯನ್ನು ಅರ್ಧ ಸುತ್ತಿಟ್ಟ ಹಾಗೆ ಅಂಚಿನ ಮೇಲೆ ಅಂಚು ಬಂದಿದೆ. ಬುಡದಲ್ಲಿ ಮೊಂಡು ಸೂಜಿ ಇಟ್ಟು ಮೆಲ್ಲಗೆ ತಳ್ಳಿದೆ. ಎಲ್ಲೂ ತಡೆಯದೆ ತುದಿಯಲ್ಲಿ ಹೊರಗೆ ಬಂತು. ಹಿಡಿಯುವ ಅಂಗಕ್ಕೆ ಇಂಥ ದಾರಿ ಯಾಕೆ ಬೇಕು?

ನನ್ನ ಪ್ರಶ್ನೆ ಎರಡು. ಇದು ಹಿಡಿಯುತ್ತದೆಯೋ ಇಲ್ಲವೋ? ಇದಕ್ಕೆ "ಹಿಡಿಕೆ ಅಂಗ" ಎಂದು ಕನ್ನಡದಲ್ಲಿ ಬರೆಯಬಹುದೇ?

ಕಡಲಂಚು

ಮೇಡಂ, ನಿಮ್ಮ ಸೂಜಿ ಸರಿಯಾದ ದಾರಿಯಲ್ಲೇ ಹೋಗಿದೆ. ಅದು ವೀರ್ಯ ಹೋಗುವ ದಾರಿ.

ಹನ್ನೆರಡು ವರ್ಷ ಶಾರ್ಕ್, ತೊರಕೆ ಅಳೆಯುವ ಕೆಲಸ ಮಾಡಿದ್ದೇನೆ. ಗಂಡು ಬಲಿತಿದೆಯೋ ಇಲ್ಲವೋ ಎಂದು ನೋಡುವುದು ಕ್ಲಾಸ್ಪರ್ ಮುಟ್ಟಿಯೇ. ಮರಿಯಲ್ಲಿ ಅದು ಗಿಡ್ಡ, ಮೆತ್ತಗೆ, ಹಿಚುಕಿದರೆ ಬಾಗುತ್ತದೆ. ಬಲಿತ ಗಂಡಿನಲ್ಲಿ ಒಳಗಿನ ಮೃದ್ವಸ್ಥಿಗೆ ಸುಣ್ಣದಂಶ ಕೂಡಿ ಕೋಲಿನಂತೆ ಗಟ್ಟಿಯಾಗಿರುತ್ತದೆ. ಬುಡದಲ್ಲಿ ಹಿಡಿದು ತಿರುಗಿಸಿದರೆ ತಲೆಯ ಕಡೆಗೆ ಸಲೀಸಾಗಿ ಮುಂದಕ್ಕೆ ಹೊರಳುತ್ತದೆ. ಮಿಲನದಲ್ಲೂ ಆಗುವುದು ಇದೇ: ಸಾಮಾನ್ಯವಾಗಿ ಎರಡರಲ್ಲಿ ಒಂದೇ ಮುಂದಕ್ಕೆ ಹೊರಳಿ ಹೆಣ್ಣಿನ ಒಳಗೆ ಹೋಗುತ್ತದೆ. ಶಾರ್ಕುಗಳಲ್ಲಿ ಹೊಟ್ಟೆಯ ಚರ್ಮದಡಿ ಸ್ನಾಯುವಿನ ಚೀಲಗಳಿವೆ. ಅವು ಸಮುದ್ರದ ನೀರು ತುಂಬಿಕೊಂಡು, ಒತ್ತಡದಿಂದ ಆ ತೋಡಿನಲ್ಲಿ ವೀರ್ಯವನ್ನು ತೊಳೆದು ತಳ್ಳುತ್ತವೆ. ತೊರಕೆಗಳಲ್ಲಿ ಈ ಚೀಲದ ಬದಲು ಗ್ರಂಥಿ ಇರುತ್ತದೆ.

ಹಿಡಿಯುವ ಕೆಲಸ ಬಾಯಿಯದು. ಗಂಡು ಹೆಣ್ಣಿನ ಎದೆಯ ಈಜುರೆಕ್ಕೆಯನ್ನು ಕಚ್ಚಿ ಹಿಡಿಯುತ್ತದೆ. ನೀಲಿ ಶಾರ್ಕಿನಲ್ಲಿ ಹೆಣ್ಣಿನ ಬೆನ್ನಿನ ಚರ್ಮ ಗಂಡಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ದಪ್ಪ. ಆ ಕಡಿತ ಎಷ್ಟು ಹಳೆಯದು, ಎಷ್ಟು ಗಟ್ಟಿ ಎಂಬುದಕ್ಕೆ ಹೆಣ್ಣಿನ ಚರ್ಮವೇ ಸಾಕ್ಷಿ. ಫ್ಲೋರಿಡಾದ ಡ್ರೈ ಟೋರ್ಟುಗಾಸ್ ದ್ವೀಪಗಳ ಬಳಿ ನರ್ಸ್ ಶಾರ್ಕುಗಳನ್ನು ವರ್ಷಗಟ್ಟಲೆ ಗಮನಿಸಿದವರು ಇನ್ನೊಂದು ವಿಷಯ ಕಂಡಿದ್ದಾರೆ. ಬೇಡವೆನಿಸಿದ ಹೆಣ್ಣು ತೀರ ಆಳವಿಲ್ಲದ ನೀರಿಗೆ ಬಂದು, ಈಜುರೆಕ್ಕೆಯನ್ನು ಮರಳಿಗೆ ಒತ್ತಿಕೊಂಡು ಮಲಗಿಬಿಡುತ್ತದೆ. ಕಚ್ಚಲು ಸಿಗದಿದ್ದರೆ ಗಂಡಿನ ಎರಡು ಕ್ಲಾಸ್ಪರ್ ಇದ್ದೂ ಪ್ರಯೋಜನವಿಲ್ಲ.

ತೊರಕೆಯ ವಿಷಯ ಕೇಳಿದರೆ ನನಗೆ ಈಗಲೂ ಬೆರಗು. ಅಟ್ಲಾಂಟಿಕ್ ತೊರಕೆಯ ಗಂಡಿನ ಹಲ್ಲು ಉಳಿದ ಕಾಲದಲ್ಲಿ ಹೆಣ್ಣಿನದರಂತೆ ಚಪ್ಪಟೆ. ಮಿಲನದ ಕಾಲ ಬಂದಾಗ ಬರುವ ಹೊಸ ಹಲ್ಲುಗಳು ಚೂಪು, ಒಳಕ್ಕೆ ಬಾಗಿದವು. ಕಾಲ ಮುಗಿದ ಮೇಲೆ ಮತ್ತೆ ಚಪ್ಪಟೆ ಹಲ್ಲು. ಅಂದರೆ ಅಲ್ಲಿ ಹಿಡಿಯುವ ಅಂಗ ಹಲ್ಲು, ಅದೂ ಋತುವಿಗೆ ತಕ್ಕಂತೆ ಬಂದು ಹೋಗುವಂಥದ್ದು.

ಹಳೆಪುಟ

ಹೆಸರು ಹೇಗೆ ಬಂತು ಎಂಬುದಕ್ಕೆ ಎರಡು ಮಾತು. ಈ ಜೋಡಿ ಅಂಗ ಗಂಡಿಗೆ ಮಾತ್ರ ಇದೆ ಎಂದು ಕ್ರಿ.ಪೂ. 4ನೇ ಶತಮಾನದಲ್ಲೇ ಅರಿಸ್ಟಾಟಲ್ ಬರೆದಿಟ್ಟಿದ್ದಾನೆ. ಮುಂದೆ ಇದು ಹೆಣ್ಣನ್ನು ತಬ್ಬಲು ಇರುವುದು ಎಂಬ ಊಹೆಯ ಮೇಲೆ ಕ್ಲಾಸ್ಪರ್ ಎಂಬ ಹೆಸರು ನಿಂತಿತು. ಶಾರ್ಕುಗಳ ಮಿಲನವನ್ನು ಕಣ್ಣಾರೆ ಕಂಡವರು ಆಗ ಯಾರಿದ್ದರು? ಸತ್ತ ಮೀನಿನ ಆಕಾರ ನೋಡಿ ಕೆಲಸ ಊಹಿಸಬೇಕಿತ್ತು. ಕೆಲಸ ಗೊತ್ತಾದ ಮೇಲೂ ಹೆಸರನ್ನು ಯಾರೂ ಬದಲಿಸಲಿಲ್ಲ.

ಚಾರ್ಲ್ಸ್ ಡಾರ್ವಿನ್ 1871ರ ಕೃತಿಯಲ್ಲಿ ಹೆಣ್ಣನ್ನು ಹಿಡಿಯಲೆಂದೇ ಗಂಡಿನಲ್ಲಿ ಬೆಳೆದ ಅಂಗಗಳನ್ನು ಬೇರೆಯಾಗಿಯೇ ಎತ್ತಿಕೊಂಡು ಚರ್ಚಿಸುತ್ತಾನೆ. ಆ ಪಟ್ಟಿ ಓದಿದರೆ ಏಡಿ, ಹುಳು, ಮೀನು ಎಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ನಿಮ್ಮ ಟಿಪ್ಪಣಿಯೂ ಶಾರ್ಕಿಗೇ ನಿಲ್ಲಬೇಕಿಲ್ಲ.

ಹುಳುನೋಟ

ಹುಳುಗಳ ಕಡೆಯಿಂದ ಹೇಳುತ್ತೇನೆ. ಹಿಡಿಯುವುದು ಬೇರೆ, ವೀರ್ಯ ಕೊಡುವುದು ಬೇರೆ ಎಂಬುದನ್ನು ಮಕ್ಕಳಿಗೆ ತೋರಿಸಲು ಏರೋಪ್ಲೇನ್ ಚಿಟ್ಟೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಎರಡು ಹುಳು ಒಂದರ ಹಿಂದೊಂದು ಅಂಟಿಕೊಂಡು ಹಾರುವುದನ್ನು ಎಲ್ಲರೂ ನೋಡಿರುತ್ತಾರೆ. ಮುಂದಿನದು ಗಂಡು. ಅದರ ಬಾಲದ ತುದಿಯಲ್ಲಿ ಪುಟ್ಟ ಇಕ್ಕಳವಿದೆ, ಅದರಿಂದ ಹೆಣ್ಣಿನ ತಲೆಯನ್ನು ಹಿಂದಿನಿಂದ ಹಿಡಿದಿರುತ್ತದೆ. ಕೂತಾಗ ರೆಕ್ಕೆ ಮಡಚಿಕೊಳ್ಳುವ ತೆಳ್ಳನೆಯ ಜಾತಿಗಳಲ್ಲಿ ಆ ಹಿಡಿತ ಕತ್ತಿನ ಹಿಂಭಾಗಕ್ಕೆ ಬೀಳುತ್ತದೆ. ಆದರೆ ವೀರ್ಯ ಕೊಡುವ ಅಂಗ ಇರುವುದು ಗಂಡಿನ ಹೊಟ್ಟೆಯ ಮುಂಭಾಗದಲ್ಲಿ, ಎರಡನೇ ಮೂರನೇ ಖಂಡದ ಅಡಿಯಲ್ಲಿ. ಅದಕ್ಕೇ ಹೆಣ್ಣು ತನ್ನ ಹೊಟ್ಟೆಯನ್ನು ಮುಂದಕ್ಕೆ ಬಾಗಿಸಿ ಅಲ್ಲಿಗೆ ತಾಗಿಸಬೇಕು. ಜೋಡಿ ಚಕ್ರದ ಹಾಗೆ ಕಾಣುವುದು ಇದರಿಂದ. ಇಕ್ಕಳದ ಆಕಾರ ಜಾತಿಯಿಂದ ಜಾತಿಗೆ ಬೇರೆ. ಹೆಣ್ಣಿನ ಕತ್ತಿನ ಉಬ್ಬುತಗ್ಗಿಗೆ ಅದು ಕೂರದಿದ್ದರೆ ಜೋಡಿ ನಿಲ್ಲುವುದು ಕಷ್ಟ.

ನೀರಿನಡಿ ಈಜುವ ಡೈಟಿಸ್ಕಸ್ ಜೀರುಂಡೆಯ ಗಂಡನ್ನು ಭೂತಗನ್ನಡಿಯಲ್ಲಿ ನೋಡಿ. ಮುಂಗಾಲಿನ ಪಾದ ಅಗಲವಾಗಿ, ಅದರ ಅಡಿಯಲ್ಲಿ ಅಂಟುಬಟ್ಟಲುಗಳಿವೆ. ಒಂದು ದೊಡ್ಡದು, ಪಕ್ಕದಲ್ಲಿ ಅದಕ್ಕಿಂತ ಚಿಕ್ಕದು, ಸುತ್ತ ಕಾಳಿನ ಹಾಗೆ ಹತ್ತಾರು ಸಣ್ಣವು. ಹೆಣ್ಣಿನ ನುಣುಪು ಬೆನ್ನಿಗೆ ಇವು ಅಂಟುತ್ತವೆ. ಆದರೆ ಕೆಲವು ಹೆಣ್ಣುಗಳ ಬೆನ್ನು ನುಣುಪಾಗಿರುವುದಿಲ್ಲ, ಉಳುಮೆಯ ಸಾಲಿನಂತೆ ಗೆರೆ ಗೆರೆ. ಈ ಗೆರೆಗಳು ಗಂಡಿಗೆ ಹಿಡಿತ ಸಿಗಲು ಇರಬೇಕು ಎಂದು ಡಾರ್ವಿನ್ ಭಾವಿಸಿದ್ದ. ಈಚಿನ ಸಂಶೋಧಕರು ಉಲ್ಟಾ ಹೇಳುತ್ತಾರೆ: ಗೆರೆಯ ಮೇಲೆ ಬಟ್ಟಲು ಗಾಳಿಯಾಡದಂತೆ ಕೂರುವುದಿಲ್ಲ, ಹಿಡಿತ ಸಡಿಲವಾಗುತ್ತದೆ. ನನಗೆ ಇದೇ ಸರಿ ಅನಿಸುತ್ತದೆ. ದೀರ್ಘ ಮಿಲನದಲ್ಲಿ ಹೆಣ್ಣು ನೀರಿನಡಿಯೇ ಇರಬೇಕಾಗುತ್ತದೆ, ಉಸಿರಿಗೆ ಮೇಲೆ ಬರುವುದೂ ಕಷ್ಟ. ಬಿಡಿಸಿಕೊಳ್ಳಲು ಅದಕ್ಕೆ ಬಲವಾದ ಕಾರಣವಿದೆ.

ನೀರಿನ ಮೇಲೆ ಕಾಲೂರಿ ಓಡುವ ಹುಳುಗಳಲ್ಲಿ ರೂಮಟೊಬೇಟಿಸ್ ರೈಲಿಯೈ ಎಂಬುದೊಂದಿದೆ. ಅದರ ಗಂಡಿನ ಮೀಸೆಗಳು ಕೊಕ್ಕೆ, ಮುಳ್ಳು, ಕೂದಲು ಸೇರಿ ಹೆಣ್ಣಿನ ತಲೆಯ ಆಕಾರಕ್ಕೇ ಹೊಂದುವ ಹಿಡಿಯಾಗಿವೆ. 2012ರಲ್ಲಿ ಸಂಶೋಧಕರು ಒಂದು ವಂಶವಾಹಿಯ ಕೆಲಸವನ್ನು ತಗ್ಗಿಸಿ ಈ ಮುಳ್ಳು ಕೊಕ್ಕೆಗಳನ್ನು ಕುಂದಿಸಿ ನೋಡಿದರು. ಅವು ಕುಂದಿದಷ್ಟೂ ಗಂಡಿನ ಯಶಸ್ಸೂ ಕುಂದಿತು.

ಕಡಲಂಚು

ಹುಳುನೋಟ ಅವರೇ, ಕುದುರೆಲಾಳದ ಏಡಿಯನ್ನೂ ಸೇರಿಸಿ. ಗಂಡಿನ ಮುಂದಿನ ನಡೆಗಾಲಿನ ತುದಿ ಮುಷ್ಟಿಯಂತೆ ಉಬ್ಬಿ ಕೊಕ್ಕೆಯಾಗಿರುತ್ತದೆ. ಅದರಿಂದ ಹೆಣ್ಣಿನ ಚಿಪ್ಪಿನ ಹಿಂಬದಿಗೆ ಗಾಳ ಹಾಕಿಕೊಂಡು ದಡದವರೆಗೂ ಹಿಂದೆಯೇ ಬರುತ್ತದೆ. ಮೊಟ್ಟೆ ಮರಳಿಗೆ ಬಿದ್ದ ಮೇಲೆ ಹೊರಗೇ ಫಲೀಕರಣ. ಇಲ್ಲಿ ಹಿಡಿತಕ್ಕೆ ವೀರ್ಯ ಸಾಗಿಸುವ ಹೊಣೆಯೇ ಇಲ್ಲ, ಹೊತ್ತಿಗೆ ಸರಿಯಾಗಿ ಪಕ್ಕದಲ್ಲಿರುವುದಷ್ಟೇ ಕೆಲಸ.

ಕೆರೆದಂಡೆ

ಆ ಕೊನೆಯ ಮಾತು ಕಪ್ಪೆಗೂ ಹೊಂದುತ್ತದೆ.

ಮಳೆ ಬಿದ್ದ ರಾತ್ರಿ ಟಾರ್ಚ್ ಹಿಡಿದು ನೋಡಿದ್ದು ಹೇಳುತ್ತೇನೆ. ದೊಡ್ಡ ಹೆಣ್ಣಿನ ಬೆನ್ನ ಮೇಲೆ ಚಿಕ್ಕ ಗಂಡು, ಮುಂಗೈ ಎರಡೂ ಅವಳ ಕಂಕುಳಡಿ. ಹೆಣ್ಣು ಎರಡು ಸಲ ನೆಗೆದು ನೀರಿಗೆ ಬಿತ್ತು, ಮುಳುಗಿತು, ಹುಲ್ಲಿನ ಸಂದಿಯಲ್ಲಿ ನುಸುಳಿತು. ಗಂಡು ಕದಲಲಿಲ್ಲ. ಲೋಳೆ ಮೈ ಮೇಲೆ ಅಂಥ ಹಿಡಿತ ಹೇಗೆ ಎಂದು ಆಗ ಅರ್ಥವಾಗಿರಲಿಲ್ಲ. ಆಮೇಲೆ ಇನ್ನೊಂದು ಗಂಡನ್ನು ಒದ್ದೆ ಕೈಯಲ್ಲಿ ಹಿಡಿದು ಅದರ ಹೆಬ್ಬೆರಳ ಬುಡ ಸವರಿದೆ. ಬೆಕ್ಕಿನ ನಾಲಿಗೆಯಷ್ಟು ದೊರಗು, ಕಂದು ಬಣ್ಣದ ಮೆತ್ತೆ. ನಮ್ಮ ಉಗುರಿನಂಥದೇ ವಸ್ತುವಿನ ಸಣ್ಣ ಸಣ್ಣ ಮುಳ್ಳುಗಳು ಅವು. ಗಂಡು ಹಾರ್ಮೋನು ಏರಿದಾಗ ಬೆಳೆಯುತ್ತವೆ, ಕಾಲ ಕಳೆದಾಗ ಸವೆದು ಹೋಗುತ್ತವೆ. ಮುಂಗೈ ಸ್ನಾಯುಗಳೂ ಆಗ ಉಬ್ಬುತ್ತವೆ. ನಾನು ಸವರುತ್ತಿದ್ದಾಗ ಅದು "ಕ್ರಿಕ್ ಕ್ರಿಕ್" ಎಂದು ಮೈ ನಡುಗಿಸಿತು. ಅದು ಬಿಡು ಎನ್ನುವ ಕೂಗು. ಗಂಡನ್ನು ಗಂಡೇ ತಪ್ಪಿ ಹಿಡಿದಾಗ ಹೊರಡುವ ಕೂಗೂ ಅದೇ.

ಈ ಮೆತ್ತೆಯ ಸುತ್ತ ಒಂದು ದುರಂತ ಕಥೆ ಇದೆ. ಆಸ್ಟ್ರಿಯಾದ ಜೀವವಿಜ್ಞಾನಿ ಪಾಲ್ ಕಾಮರರ್, ನೆಲದ ಮೇಲೆ ಜೋಡಿಯಾಗುವ ಸೂಲಗಿತ್ತಿ ಕಪ್ಪೆಗಳನ್ನು ನೀರಿನಲ್ಲಿ ಜೋಡಿಯಾಗುವಂತೆ ಸಾಕಿದ. ಕೆಲವು ತಲೆಮಾರಿನ ಮೇಲೆ ಗಂಡುಗಳಿಗೆ ಈ ಮೆತ್ತೆ ಬಂತು, ಗಳಿಸಿದ ಗುಣ ಮಕ್ಕಳಿಗೆ ಇಳಿಯಿತು ಎಂದ. ನೆಲದ ಮೇಲೆ ಮೈ ಜಾರುವುದಿಲ್ಲ, ಆದ್ದರಿಂದ ಆ ಕಪ್ಪೆಗೆ ಸಹಜವಾಗಿ ಮೆತ್ತೆ ಇರುವುದಿಲ್ಲ. 1926ರಲ್ಲಿ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಜಿ. ಕೆ. ನೋಬಲ್ ಉಳಿದಿದ್ದ ಮಾದರಿಯನ್ನು ಪರೀಕ್ಷಿಸಿ, ಅಲ್ಲಿರುವ ಕಪ್ಪು ಬಣ್ಣ ಚುಚ್ಚಿದ ಇಂಡಿಯಾ ಇಂಕ್ ಎಂದು ಪ್ರಕಟಿಸಿದರು. ಕೆಲವೇ ವಾರಗಳಲ್ಲಿ ಕಾಮರರ್ ಪ್ರಾಣ ಕಳೆದುಕೊಂಡ. ಶಾಯಿ ಚುಚ್ಚಿದವರು ಯಾರು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಹೆಬ್ಬೆರಳಿನ ಬುಡದ ಒಂದು ಕಲೆ ಇಷ್ಟು ದೊಡ್ಡ ವಾದಕ್ಕೆ ಕಾರಣವಾಯಿತು ಎನ್ನುವುದು ನನ್ನನ್ನು ಬಹಳ ಕಾಡಿದೆ.

ಇನ್ನು ಹಿಡಿಯದೇ ಇರುವ ಗಂಡೂ ಇದೆ. ಪಶ್ಚಿಮ ಘಟ್ಟದ ನಿಕ್ಟಿಬೆಟ್ರಾಕಸ್ ಹುಮಾಯೂನಿ ಎಂಬ ಇರುಳುಗಪ್ಪೆಯ ಗಂಡು ಹೆಣ್ಣಿನ ಮೇಲೆ ಕೂರುತ್ತದೆ, ಆದರೆ ಕೈಗಳನ್ನು ಎಲೆಯ ಮೇಲೋ ಕೊಂಬೆಯ ಮೇಲೋ ಊರಿರುತ್ತದೆ. ವೀರ್ಯವನ್ನು ಅವಳ ಬೆನ್ನಿನ ಮೇಲೆ ಬಿಟ್ಟು, ಮೊಟ್ಟೆ ಬರುವ ಮೊದಲೇ ಸರಿದು ಹೋಗುತ್ತದೆ. ವೀರ್ಯ ಬೆನ್ನಿನಿಂದ ಇಳಿದು ಮೊಟ್ಟೆ ಸೇರಬೇಕು. 2016ರಲ್ಲಿ ಇದರ ವಿವರ ಪ್ರಕಟವಾದಾಗ ಎರಡೆರಡು ಸಲ ಓದಿದೆ.

ಗಾಜಿನತೊಟ್ಟಿ

ನಾನು ಓದಿದ್ದು ಲೆಕ್ಕಪತ್ರ, ಆದರೆ ಗಪ್ಪಿ ಮೀನು ಸಾಕಿ ಅನುಭವವಿದೆ. ಗಂಡು ಮರಿಯ ಗುದದ ಈಜುರೆಕ್ಕೆ ಮೊದಲು ಬೀಸಣಿಗೆಯ ಹಾಗಿರುತ್ತದೆ. ವಾರಗಳಲ್ಲಿ ಅದರ 3, 4, 5ನೇ ಕಡ್ಡಿಗಳು ಉದ್ದವಾಗಿ ಕೂಡಿಕೊಂಡು ಗೊನೊಪೋಡಿಯಂ ಎಂಬ ಕಡ್ಡಿಯಂಥ ಸಂಭೋಗಾಂಗ ಆಗುತ್ತದೆ. ಶಾರ್ಕಿನಂತೆ ಇದೂ ಮುಂದಕ್ಕೆ ಹೊರಳುತ್ತದೆ, ಆದರೆ ಮುಟ್ಟಿ ಬರುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ತುದಿಯಲ್ಲಿ ಬರಿಗಣ್ಣಿಗೆ ಕಾಣದ ಕೊಕ್ಕೆಗಳಿವೆ. 2013ರ ಪ್ರಯೋಗವೊಂದರಲ್ಲಿ ಕೊಕ್ಕೆ ತೆಗೆದ ಗಂಡುಗಳು ಒಲ್ಲದ ಹೆಣ್ಣಿಗೆ ಕಡಿಮೆ ವೀರ್ಯ ದಾಟಿಸಿದವು, ಒಲಿದ ಹೆಣ್ಣಿನ ವಿಷಯದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಇದು ಹಿಡಿಯುವ ಅಂಗವೋ, ಸಾಗಿಸುವ ಅಂಗವೋ?

ನಾಲ್ಕು ಕಣ್ಣಿನ ಮೀನು ಎನ್ನುವ ಅನಾಬ್ಲೆಪ್ಸ್‌ನಲ್ಲಿ ಗೊನೊಪೋಡಿಯಂ ಎಡಕ್ಕೋ ಬಲಕ್ಕೋ ಒಂದೇ ಕಡೆ ತಿರುಗುತ್ತದಂತೆ, ಹೆಣ್ಣಿನಲ್ಲೂ ದ್ವಾರ ಒಂದು ಕಡೆಗೆ ವಾಲಿರುತ್ತದಂತೆ. ಹೌದೇ?

ಕಡಲಂಚು

ಹೌದು. ಅದಕ್ಕಿಂತ ವಿಚಿತ್ರ ಆಗ್ನೇಯ ಏಷ್ಯಾದ ಫ್ಯಾಲೊಸ್ಟೆಥಸ್ ಬಳಗ. ಎರಡೂವರೆ ಸೆಂಟಿಮೀಟರ್ ಆಸುಪಾಸಿನ ಪಾರದರ್ಶಕ ಮೀನುಗಳು. ಗಂಡಿನಲ್ಲಿ ಈ ಇಡೀ ವ್ಯವಸ್ಥೆ ಗಂಟಲಿನ ಅಡಿಯಲ್ಲಿದೆ. ಅದರಲ್ಲಿ ಹೆಣ್ಣಿನ ತಲೆಯನ್ನು ಹಿಡಿಯಲು ಎಲುಬಿನ ಕೊಕ್ಕೆ ಬೇರೆ, ವೀರ್ಯ ಬರುವ ದ್ವಾರ ಬೇರೆ. ವಿಯೆಟ್ನಾಮಿನ ಮೆಕಾಂಗ್ ನದಿಯಿಂದ ಇಂಥ ಒಂದು ಹೊಸ ಜಾತಿಯನ್ನು 2012ರಲ್ಲಿ ವರ್ಣಿಸಿದರು.

ಭಾರತದ ಪಶ್ಚಿಮ ಕರಾವಳಿಯ ಹೊರೈಕ್ತಿಸ್ ಸೆಟ್ನಾಯ್ ಕೂಡ ನೆನಪಿರಲಿ, 1940ರಲ್ಲಿ ಕುಲಕರ್ಣಿ ಎಂಬುವರು ವರ್ಣಿಸಿದ್ದು. ಈ ಗಂಡು ಹಿಡಿಯುವ ಗೋಜಿಗೇ ಹೋಗುವುದಿಲ್ಲ. ಮುಳ್ಳಿರುವ ವೀರ್ಯದ ಪೊಟ್ಟಣವನ್ನು ಹೆಣ್ಣಿನ ದ್ವಾರದ ಬಳಿ ಚುಚ್ಚಿ ಬಿಡುತ್ತದೆ. ಹಿಡಿಯುವ ಕೆಲಸ ಪೊಟ್ಟಣದ್ದು!

ಕಲ್ಲುಮೀನು

ಕಡಲಂಚು ಸರ್ ಅವರ ಮೊದಲ ಉತ್ತರಕ್ಕೆ ಒಂದು ತಿದ್ದುಪಡಿ. ಶಾರ್ಕಿನ ಕ್ಲಾಸ್ಪರ್ ಹಿಡಿಯುವುದೇ ಇಲ್ಲ ಎಂದು ಬರೆದರೆ ಅದೂ ತಪ್ಪಾದೀತು. ಎಷ್ಟೋ ಜಾತಿಗಳಲ್ಲಿ ತುದಿಯ ಮೃದ್ವಸ್ಥಿಗಳು ಒಳಗೆ ಹೋದ ಮೇಲೆ ಕೊಡೆಯ ಹಾಗೆ ಅರಳುತ್ತವೆ, ಕೆಲವದರಲ್ಲಿ ಚೂಪಾದ ಮುಳ್ಳೂ ಇದೆ. ಅದು ಲಂಗರು ಹಾಕಿದ ಹಾಗೆ. ಹೊರಗಿನಿಂದ ಹಿಡಿಯುವುದಿಲ್ಲ, ಒಳಗೆ ನೆಲೆ ನಿಲ್ಲುತ್ತದೆ.

ನನ್ನ ಆಸಕ್ತಿ ಪಳೆಯುಳಿಕೆ. ಸ್ಕಾಟ್ಲೆಂಡಿನ ಮೈಕ್ರೊಬ್ರಾಕಿಯಸ್ ಎಂಬ ಕವಚದ ಮೀನು, ಸುಮಾರು 38.5 ಕೋಟಿ ವರ್ಷ ಹಳೆಯದು, ಉದ್ದ ಗೇಣಿನ ಒಳಗೆ. ಅದರ ಹೆಸರಿನ ಅರ್ಥವೇ ಪುಟ್ಟ ತೋಳು. ಆ ತೋಳುಗಳು ಯಾಕಿದ್ದವು ಎಂದು ಬಹಳ ಕಾಲ ಗೊತ್ತಿರಲಿಲ್ಲ. 2014ರಲ್ಲಿ ಜಾನ್ ಲಾಂಗ್ ಮತ್ತು ಸಂಗಡಿಗರು ಗಂಡಿನಲ್ಲಿ ಇಂಗ್ಲಿಷಿನ ಎಲ್ ಅಕ್ಷರದಂತೆ ಬಾಗಿದ ಎಲುಬಿನ ಕ್ಲಾಸ್ಪರ್, ಹೆಣ್ಣಿನಲ್ಲಿ ಅದು ಕೂರಲು ಜೋಡಿ ಫಲಕಗಳನ್ನು ತೋರಿಸಿದರು. ಅಕ್ಕಪಕ್ಕ ನಿಂತು, ತೋಳಿಗೆ ತೋಳು ಕೊಕ್ಕೆ ಹಾಕಿಕೊಂಡು ಕೂಡುತ್ತಿದ್ದವು ಎಂಬುದು ಅವರ ವಿವರಣೆ. ಕವಚದ ಮೀನುಗಳ ಕ್ಲಾಸ್ಪರ್ ಶಾರ್ಕಿನಂತೆ ಈಜುರೆಕ್ಕೆಯ ಭಾಗ ಆಗಿರಲಿಲ್ಲ, ಬೇರೆಯೇ ಎಲುಬು. ಹೆಸರು ಒಂದೇ, ಮೂಲ ಬೇರೆ.

ಹೆಸರಿಗೆ ತಕ್ಕ ಹಾಗೆ ಹಿಡಿಯುವ ಅಂಗ ಬೇಕಿದ್ದರೆ ಶಾರ್ಕಿನ ದೂರದ ನೆಂಟ ಕೈಮೀರಾಗಳನ್ನು ನೋಡಿ. ಗಂಡಿಗೆ ಸೊಂಟದ ಕ್ಲಾಸ್ಪರ್ ಇದೆ. ಅದರ ಮುಂದೆ ಚರ್ಮದ ಜೇಬಿನೊಳಗೆ ಸೇರಿಕೊಳ್ಳುವ ಇನ್ನೊಂದು ಜೊತೆ ಕೊಕ್ಕೆ ಇದೆ. ಸಾಲದ್ದಕ್ಕೆ ಹಣೆಯ ಮೇಲೆ ಮಡಚಿಟ್ಟುಕೊಳ್ಳುವ ಒಂದು ದಂಡ, ಅದರ ತುದಿಯಲ್ಲಿ ಸಾಲು ಸಾಲು ಹಲ್ಲು. ಅದರಿಂದ ಹೆಣ್ಣಿನ ಎದೆಯ ಈಜುರೆಕ್ಕೆಯನ್ನು ಅದುಮಿ ಹಿಡಿಯುತ್ತದೆ. ಅವು ಚರ್ಮದ ಮುಳ್ಳುಗಳಲ್ಲ, ಬಾಯಿಯಲ್ಲಿ ಹಲ್ಲು ಹುಟ್ಟಿಸುವಂಥದೇ ಅಂಗಾಂಶದಿಂದ ಹುಟ್ಟಿದ ನಿಜವಾದ ಹಲ್ಲುಗಳು ಎಂದು 2025ರಲ್ಲಿ ಕೈಮೀರಾ ಗುಂಪಿನದೇ ಆದ ಚುಕ್ಕೆ ರ‍್ಯಾಟ್‌ಫಿಶ್ ಮೇಲಿನ ಅಧ್ಯಯನ ತೋರಿಸಿತು. ಹಣೆಯ ಮೇಲೆ ಹಲ್ಲು! ಶಾರ್ಕು ಬಾಯಿಂದ ಮಾಡುವ ಕೆಲಸವನ್ನು ಇದು ಹಣೆಯಿಂದ ಮಾಡುತ್ತದೆ.

ಕಡಲಂಚು

ತಿದ್ದುಪಡಿ ಒಪ್ಪಿದೆ. ತುದಿ ಅರಳುವುದನ್ನು ಬಲಿತ ಗಂಡಿನಲ್ಲಿ ಕೈಯಿಂದಲೇ ಬಿಡಿಸಿ ನೋಡಿದ್ದೇನೆ, ಬರೆಯಬೇಕಿತ್ತು.

ಪದಸಂಗಾತಿ

ಎರಡನೇ ಪ್ರಶ್ನೆಗೆ ಬರೋಣ. "ಹಿಡಿಕೆ ಅಂಗ" ಬೇಡ. ಕತ್ತಿಯ ಹಿಡಿಕೆ, ಬಾಗಿಲ ಹಿಡಿಕೆ ಎನ್ನುತ್ತೇವೆ, ಅಂದರೆ ಹಿಡಿಕೆ ನಾವು ಹಿಡಿಯುವ ಜಾಗ. ತಾನೇ ಹಿಡಿಯುವಂಥದ್ದಕ್ಕೆ ಆ ಪದ ಹೊಂದುವುದಿಲ್ಲ. ಓದುವ ಮಗು ಹೆಣ್ಣು ಶಾರ್ಕು ಇದನ್ನು ಹಿಡಿದುಕೊಳ್ಳುತ್ತದೆ ಎಂದುಕೊಂಡೀತು.

ಎಲ್ಲಕ್ಕೂ ಒಂದೇ ಪದ ಹುಡುಕುವುದೂ ಬೇಡ ಅನಿಸುತ್ತದೆ. ಈ ಚರ್ಚೆಯಲ್ಲೇ ಒಳ್ಳೆಯ ಪದಗಳು ತಾವಾಗಿ ಬಂದಿವೆ: ಏರೋಪ್ಲೇನ್ ಚಿಟ್ಟೆಗೆ ಇಕ್ಕಳ, ಜೀರುಂಡೆಗೆ ಅಂಟುಬಟ್ಟಲು, ಕಪ್ಪೆಗೆ ಹೆಬ್ಬೆರಳ ಮೆತ್ತೆ. ಕಪ್ಪೆಯ ಹಿಡಿತಕ್ಕೆ "ಅಪ್ಪುಗೆ" ಸಾಕು. ಶಾರ್ಕಿನದಕ್ಕೆ "ಕೂಡುಗೊಳವೆ" ಹೇಗೆ?

ಕಲ್ಲುಮೀನು

ಕೊಳವೆ ಎಂದರೆ ಸುತ್ತ ಮುಚ್ಚಿರಬೇಕಲ್ಲ? ಇದು ಸುರುಳಿ ತೋಡು. ಸೂಜಿ ಹಾಕಿದವರೇ ಹೇಳಿದ್ದಾರೆ.

ಹಳೆಪುಟ

ನನ್ನ ಅಭಿಪ್ರಾಯ ಬೇರೆ. ಕ್ಲಾಸ್ಪರ್ ಎಂಬ ಪದವನ್ನೇ ಉಳಿಸಿ, ಅದು ಹಳೆಯ ಊಹೆಯಿಂದ ಬಂದ ಹೆಸರು ಎಂದು ಒಂದು ಸಾಲು ಬರೆಯಿರಿ. ಮಕ್ಕಳು ಮುಂದೆ ಓದುವ ಎಲ್ಲ ಕಡೆಯೂ ಅದೇ ಪದ ಎದುರಾಗುತ್ತದೆ. ಇನ್ನೊಂದು ಮಾತು, ಇದನ್ನು ಹೇಳಲೇಬೇಕು. "ಹಿಡಿದುಕೊಳ್ಳಲು ಸಹಾಯಕ" ಎಂಬ ಸಾಲು ಇಷ್ಟು ಕಾಲ ಉಳಿದದ್ದಕ್ಕೆ ಸಂಕೋಚವೂ ಕಾರಣ. ನನಗೆ ಪಾಠ ಮಾಡಿದವರು ಈ ಚಿತ್ರ ಬಂದಾಗ ಪುಟ ಮಗುಚಿದ್ದರು. ಇದು ಗಂಡಿನ ಸಂಭೋಗದ ಅಂಗ ಎಂದು ನೇರವಾಗಿ ಬರೆದರೆ ಮಕ್ಕಳಿಗೆ ಏನೂ ಆಗುವುದಿಲ್ಲ.

ನೀರುನೆಲ

ಎಲ್ಲರಿಗೂ ಮನಸಾರೆ ವಂದನೆ. ಟಿಪ್ಪಣಿಯ ಆ ಭಾಗ ಈಗ ಹೀಗಿದೆ:

"ಕ್ಲಾಸ್ಪರ್: ಗಂಡು ಶಾರ್ಕ್, ತೊರಕೆ, ಕೈಮೀರಾಗಳಲ್ಲಿ ಸೊಂಟದ ಈಜುರೆಕ್ಕೆಯ ಒಳ ಅಂಚು ಮಾರ್ಪಟ್ಟು ಆದ ಜೋಡಿ ಸಂಭೋಗಾಂಗ. ಸುರುಳಿ ತೋಡಿನ ಮೂಲಕ ವೀರ್ಯವನ್ನು ಹೆಣ್ಣಿನ ದೇಹಕ್ಕೆ ಸಾಗಿಸುತ್ತದೆ. ಹಲವು ಜಾತಿಗಳಲ್ಲಿ ತುದಿ ಅರಳಿ ಒಳಗೆ ನೆಲೆ ನಿಲ್ಲುತ್ತದೆ. ಹೆಣ್ಣನ್ನು ಹಿಡಿಯುವುದು ಹೆಚ್ಚಾಗಿ ಬಾಯಿಯಿಂದ. ಹಿಡಿಯುವ ಅಂಗ ಎಂಬ ಹಳೆಯ ಊಹೆಯಿಂದ ಈ ಹೆಸರು ಬಂದಿದೆ."

ಕಪ್ಪೆ, ಜೀರುಂಡೆ, ಏರೋಪ್ಲೇನ್ ಚಿಟ್ಟೆಯನ್ನು ಪಕ್ಕದ ಪುಟದಲ್ಲಿ ಹಾಕುತ್ತೇನೆ. ಮುಂದಿನ ತರಗತಿಯಲ್ಲಿ ಸೂಜಿಯನ್ನು ಮಕ್ಕಳ ಕೈಗೇ ಕೊಡುವ ಯೋಚನೆ ಇದೆ.

ಕಡಲಂಚು

ಕೊಡಿ ಮೇಡಂ. ಆದರೆ ಬಲಿತ ಗಂಡನ್ನೇ ಆರಿಸಿ, ಮರಿಯಲ್ಲಿ ತೋಡು ಸರಿಯಾಗಿ ಕಾಣುವುದಿಲ್ಲ. ಸೂಜಿಯ ತುದಿ ಮೊಂಡಾಗಿರಲಿ, ಬುಡದಿಂದ ತುದಿಯ ಕಡೆಗೇ ಹೋಗಲಿ. ಒಂದು ಕ್ಲಾಸ್ಪರನ್ನು ಮುಂದಕ್ಕೆ ಹೊರಳಿಸಿ ಪಿನ್ ಹಾಕಿಟ್ಟು, ಇನ್ನೊಂದನ್ನು ಹಾಗೇ ಬಿಡಿ. ಎರಡನ್ನೂ ಅಕ್ಕಪಕ್ಕ ನೋಡಿದಾಗ ಯಾವ ಸ್ಥಿತಿಯಲ್ಲಿ ಕೆಲಸ ಮಾಡುತ್ತದೆ ಎಂದು ಅವರೇ ಹೇಳುತ್ತಾರೆ.